ಕೆರಿಬಿಯನ್ ದ್ವೀಪಗಳಲ್ಲಿ ಕ್ರಿಪ್ಟೋ, ಮೊಬೈಲ್ ಬೆಟ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಪಿಎಲ್ (ಕೆರಿಬಿಯನ್ ಪ್ರೀಮಿಯರ್ ಲೀಗ್ ಕ್ರಿಕೆಟ್) ಶುರುವಾದರೆ ಸಾಕು, "ಅಲ್ಲೆಲ್ಲ ಬೆಟ್ಟಿಂಗ್ ಲೀಗಲ್ ಅಂತೆ, ಕ್ರಿಪ್ಟೋನೂ ಲೀಗಲ್ ಅಂತೆ, ಮತ್ತೆ ನಮಗೇನು ತೊಂದರೆ?" ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಮೂರು ಥರದವರಿದ್ದಾರೆ. ಆಂಟಿಗಾ, ಗ್ರೆನಡಾ ಕಡೆ ಮೆಡಿಕಲ್ ಓದಲು ಹೋದವರು. ಮಂಗಳೂರು, ಉಡುಪಿ ಕಡೆಯಿಂದ ಕ್ರೂಸ್ ಹಡಗಿಗೆ ಕೆಲಸಕ್ಕೆ ಸೇರಿ ಆ ಸಮುದ್ರದಲ್ಲೇ ಸುತ್ತುವವರು. ಮತ್ತೆ, ಊರಲ್ಲೇ ಕೂತು ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಲಿಂಕ್‌ನಿಂದ ಆಪ್ ಇಳಿಸಿಕೊಂಡವರು. ಈ ಮೂರನೆಯವರೇ ಜಾಸ್ತಿ. ಮೂವರಿಗೂ ಒಂದೇ ಉತ್ತರ ಇಲ್ಲ. ಕಾನೂನುಗಳು ಬೇಗ ಬೇಗ ಬದಲಾಗುತ್ತಿವೆ, ಹಾಗಾಗಿ ದುಡ್ಡು ಹಾಕುವ ಮುಂಚೆ ಆಯಾ ದ್ವೀಪದ ನಿಯಂತ್ರಣ ಸಂಸ್ಥೆಯ ಪುಟವನ್ನೇ ನೋಡಿ.

ಕೆರಿಬಿಯನ್‌ನಲ್ಲಿ ಬೆಟ್ಟಿಂಗ್ ಲೀಗಲ್ಲಾ ಅಲ್ವಾ? ಒಂದೇ ಮಾತಲ್ಲಿ ಹೇಳಿ.

ಆಗುವುದಿಲ್ಲ. ಕ್ರಿಕೆಟ್‌ನಲ್ಲಿ ವೆಸ್ಟ್ ಇಂಡೀಸ್ ಅಂತ ಒಂದೇ ತಂಡ ನೋಡಿ ನೋಡಿ ಅದೊಂದು ದೇಶ ಅನ್ನಿಸಿಬಿಟ್ಟಿದೆ, ಅಷ್ಟೆ. ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್ ಎಲ್ಲ ಬೇರೆ ಬೇರೆ ದೇಶಗಳು. ಕೇಮನ್ ದ್ವೀಪಗಳು ಬ್ರಿಟನ್ ಕೈಕೆಳಗಿನ ಪ್ರದೇಶ. ಕುರಸಾವೊ ನೆದರ್ಲೆಂಡ್ಸ್ ರಾಜಮನೆತನದಡಿಯ ನಾಡು. ಪೋರ್ಟೊ ರಿಕೊ ಅಮೆರಿಕದ್ದು.

ಜಮೈಕಾದಲ್ಲಿ 1965ರ ಕಾಯ್ದೆ ಇದೆ, ಅದರಡಿ ಒಂದು ಆಯೋಗ ಇದೆ, ಲೈಸೆನ್ಸ್ ಇರುವ ಕಂಪನಿಯ ಹತ್ತಿರ 18 ತುಂಬಿದವರು ಫೋನಿನಲ್ಲೇ ಬಾಜಿ ಕಟ್ಟಬಹುದು. ಪೋರ್ಟೊ ರಿಕೊ 2019ರಲ್ಲಿ ಕ್ರೀಡಾ ಬೆಟ್ಟಿಂಗ್‌ಗೆ ಕಾನೂನು ಮಾಡಿತು. ಟ್ರಿನಿಡಾಡ್‌ನಲ್ಲಿ ಕ್ಯಾಸಿನೋಗಳು ಎಷ್ಟೋ ವರ್ಷ "ಸದಸ್ಯರ ಖಾಸಗಿ ಕ್ಲಬ್" ಎನ್ನುವ ಬೋರ್ಡಿನ ಹಿಂದೆ ನಡೆದವು. 2021ರಲ್ಲಿ ಎಲ್ಲವನ್ನೂ ಒಂದು ಆಯೋಗದ ಕೈಗೆ ಕೊಡುವ ಕಾಯ್ದೆ ಬಂತು. ಕ್ಯೂಬಾದಲ್ಲಿ ಕ್ರಾಂತಿಯಾದ ಮೇಲೆ ಜೂಜು ಬಂದ್, ಆದರೂ ಬೊಲಿಟಾ ಎನ್ನುವ ಅಂಕಿ ಆಟ ಗಲ್ಲಿಗಲ್ಲಿಯಲ್ಲಿ ಕದ್ದುಮುಚ್ಚಿ ನಡೆಯುತ್ತದೆ. ನಮ್ಮ ಮಟಕಾ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೇಮನ್. ಲೋಕದ ಬಹಳಷ್ಟು ಹೆಡ್ಜ್ ಫಂಡ್‌ಗಳು (ಶ್ರೀಮಂತರ ಹೂಡಿಕೆ ನಿಧಿಗಳು) ಅಲ್ಲಿ ನೋಂದಣಿ ಮಾಡಿಸಿಕೊಳ್ಳುತ್ತವೆ, ಕ್ರಿಪ್ಟೋ ಕಂಪನಿಗಳಿಗೆ ಅಂತಲೇ 2020ರಿಂದ ಪ್ರತ್ಯೇಕ ಕಾಯ್ದೆ ಇದೆ, ಆದರೆ ಜೂಜಿನ ವಿಷಯಕ್ಕೆ ಬಂದರೆ ಕಾನೂನು ಬಲು ಬಿಗಿ, ಒಂದು ಕ್ಯಾಸಿನೋ ಕೂಡ ಇಲ್ಲ. ಅಂದರೆ ಒಂದೇ ದ್ವೀಪದಲ್ಲಿ ಕ್ರಿಪ್ಟೋಗೆ ಸ್ವಾಗತ, ಬೆಟ್ಟಿಂಗ್‌ಗೆ ಇಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ ಎನ್ನುವುದು ಇದಕ್ಕೇ.

ಬಹಾಮಾಸ್‌ನಲ್ಲಿ ದೊಡ್ಡ ದೊಡ್ಡ ಕ್ಯಾಸಿನೋ ಇವೆಯಲ್ಲ, ಅಲ್ಲಿಯ ಜನ ಆಡಲ್ವಾ?

ಆಡುವಂತಿಲ್ಲ! ನಸಾವ್‌ನ ಅಟ್ಲಾಂಟಿಸ್, ಬಹಾ ಮಾರ್ ಎಲ್ಲ ಪ್ರವಾಸಿಗರಿಗೆ. ಬಹಾಮಾಸ್ ಪ್ರಜೆ ಅಲ್ಲಿ ಕಾರ್ಡ್ ಹಂಚುವ ಕೆಲಸ ಮಾಡಬಹುದು, ಎದುರು ಕೂತು ಆಡುವಂತಿಲ್ಲ. ಸ್ಥಳೀಯರಿಗೆ ಅಂತ "ವೆಬ್ ಶಾಪ್" ಎನ್ನುವ ಅಂಗಡಿಗಳು ಹುಟ್ಟಿಕೊಂಡವು. ಅಂಗಡಿಗೆ ಹೋಗಿ ಖಾತೆ ತೆಗೆದು, ದುಡ್ಡು ಕಟ್ಟಿ, ಇಂಟರ್‌ನೆಟ್‌ನಲ್ಲಿ ಅಂಕಿ ಆಟ ಆಡುವುದು. ಇವನ್ನು ಸಕ್ರಮ ಮಾಡಬೇಕಾ ಅಂತ 2013ರ ಜನವರಿಯಲ್ಲಿ ಜನಮತ ಕೇಳಿದರು. ಜನ ಬೇಡ ಅಂದರು. ಮರುವರ್ಷ, 2014ರಲ್ಲಿ, ಸರ್ಕಾರ ಕಾಯ್ದೆ ತಂದು ಸಕ್ರಮ ಮಾಡಿಯೇಬಿಟ್ಟಿತು. ಇದನ್ನು ಓದಿದಾಗ ನನಗೆ ನಗು ಬಂತು. ತೆರಿಗೆ ಬರುವ ದಾರಿ ಕಂಡರೆ ಸರ್ಕಾರಗಳು ಎಲ್ಲ ಕಡೆ ಒಂದೇ ಥರ.

ನೀವು ಇದರಿಂದ ತಿಳಿದುಕೊಳ್ಳಬೇಕಾದ್ದು ಇಷ್ಟು. "ಆ ದೇಶದಲ್ಲಿ ಲೀಗಲ್" ಎನ್ನುವ ಮಾತಿಗೆ ಅರ್ಥವೇ ಇಲ್ಲ. ಯಾರಿಗೆ ಲೀಗಲ್, ಯಾವ ಆಟಕ್ಕೆ ಲೀಗಲ್, ಯಾರ ಅಂಗಡಿಯಲ್ಲಿ ಲೀಗಲ್ ಅಂತ ಕೇಳಬೇಕು.

ನನ್ನ ಆಪ್‌ನಲ್ಲಿ "ಕುರಸಾವೊ ಲೈಸೆನ್ಸ್" ಅಂತ ಮುದ್ರೆ ಇದೆ. ಅಂದಮೇಲೆ ಸೇಫ್ ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಕುರಸಾವೊ ವೆನೆಜುವೆಲಾ ತೀರಕ್ಕೆ ಹತ್ತಿರದ ಒಂದು ಸಣ್ಣ ದ್ವೀಪ. 1990ರ ದಶಕದಿಂದ ಆನ್‌ಲೈನ್ ಜೂಜಿನ ಲೈಸೆನ್ಸ್ ಕೊಡುತ್ತಾ ಬಂದಿದೆ. ಹಳೆಯ ವ್ಯವಸ್ಥೆ ಹೀಗಿತ್ತು: ಸರ್ಕಾರದಿಂದ ಲೈಸೆನ್ಸ್ ಪಡೆದ ಮಾಸ್ಟರ್ ಕಂಪನಿಗಳು ನಾಲ್ಕೇ ನಾಲ್ಕು. ಮಿಕ್ಕ ಸಾವಿರಾರು ವೆಬ್‌ಸೈಟ್‌ಗಳು ಆ ನಾಲ್ಕರ ಕೆಳಗೆ ಉಪ-ಲೈಸೆನ್ಸ್ ತಗೊಂಡು ನಡೆಯುತ್ತಿದ್ದವು. ನೀವು ದೂರು ಕೊಟ್ಟರೆ ಸರ್ಕಾರ ಮಾಸ್ಟರ್ ಕಡೆ ಕೈ ತೋರಿಸುತ್ತಿತ್ತು, ಮಾಸ್ಟರ್ ವೆಬ್‌ಸೈಟ್ ಕಡೆ, ವೆಬ್‌ಸೈಟಿನವರು ನಿಮ್ಮ ಮೇಲ್‌ಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಕೋವಿಡ್ ಕಾಲದಲ್ಲಿ ಕುರಸಾವೊಗೆ ಸಾಲ ಬೇಕಾಯಿತು. "ಜೂಜಿನ ಕಾನೂನು ಸರಿಮಾಡಿ, ಆಮೇಲೆ ದುಡ್ಡು" ಎಂದು ನೆದರ್ಲೆಂಡ್ಸ್ ಷರತ್ತು ಹಾಕಿತು. 2024ರ ಡಿಸೆಂಬರ್ 24ರಿಂದ ಹೊಸ ಕಾನೂನು ಜಾರಿಗೆ ಬಂದಿದೆ. ಈಗ ಲೈಸೆನ್ಸ್ ನೇರವಾಗಿ ಸರ್ಕಾರದ ಪ್ರಾಧಿಕಾರದಿಂದಲೇ ಬರಬೇಕು. ಮೊದಲಿಗಿಂತ ವಾಸಿ, ಅನುಮಾನ ಇಲ್ಲ.

ಈಗ ನಿಮ್ಮ ಆಪ್ ತೆಗೆಯಿರಿ. ತೀರಾ ಕೆಳಕ್ಕೆ ಜಾರಿಸಿ. ಮುದ್ರೆಯ ಮೇಲೆ ಒತ್ತಿ. ಏನೂ ಆಗದೆ ಸುಮ್ನೆ ಚಿತ್ರ ಮಾತ್ರ ಇದ್ದರೆ ಅದು ಎಲ್ಲಿಂದಲೋ ಕತ್ತರಿಸಿ ಅಂಟಿಸಿದ್ದು. ಪುಟ ತೆರೆದರೆ ಅದರ ವಿಳಾಸ ನೋಡಿ: ಪ್ರಾಧಿಕಾರದ್ದಾ, ಅಥವಾ ಅದೇ ಹೆಸರಿನ ನಕಲಿ ಪುಟವಾ? ಅದರಲ್ಲಿ ಬರೆದಿರುವ ಕಂಪನಿ ಹೆಸರೂ ನಿಮ್ಮ ಆಪ್‌ನ ನಿಯಮಗಳ ಪುಟದಲ್ಲಿರುವ ಕಂಪನಿ ಹೆಸರೂ ಒಂದೇನಾ? ಆಮೇಲೆ ಅದೇ ನಿಯಮಗಳ ಪುಟದಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ, "ಈ ಕೆಳಗಿನ ದೇಶಗಳಿಂದ ಆಡುವಂತಿಲ್ಲ" ಎನ್ನುವ ಪಟ್ಟಿ ಇರುತ್ತದೆ. ನೀವಿರುವ ದೇಶ ಅದರಲ್ಲಿದ್ದರೆ, ನೀವು ದುಡ್ಡು ಹಾಕುವಾಗ ಯಾರೂ ತಡೆಯುವುದಿಲ್ಲ. ತೆಗೆಯಲು ಹೋದಾಗ ಆ ಸಾಲು ಹೊರಗೆ ಬರುತ್ತದೆ.

ಎಲ್ಲ ಸರಿ ಇದ್ದರೂ, ಲೈಸೆನ್ಸ್ ಅವರಿಗೆ ಅಂಗಡಿ ನಡೆಸಲು ಕುರಸಾವೊ ಕೊಟ್ಟ ಅನುಮತಿ. ಜಮೈಕಾದಲ್ಲಿ, ಅಮೆರಿಕದಲ್ಲಿ, ಭಾರತದಲ್ಲಿ ಕೂತಿರುವ ನಿಮಗೆ ಆಡಲು ಕೊಟ್ಟ ಅನುಮತಿ ಅಲ್ಲ.

ಅದು ಹೇಗೆ? ಲೈಸೆನ್ಸ್ ಇದ್ದ ಮೇಲೆ ಇಂಟರ್‌ನೆಟ್‌ನಲ್ಲಿ ಎಲ್ಲಿಂದಾದರೂ ಆಡಬಹುದಲ್ವಾ?

ಆಂಟಿಗಾದವರೂ ಇದೇ ವಾದ ಮಾಡಿದ್ದರು, ಅದೂ ಅಮೆರಿಕದ ಎದುರು. 1994ರ ಕಾಯ್ದೆಯೊಂದರಿಂದ ಅಲ್ಲಿ ಆನ್‌ಲೈನ್ ಬೆಟ್ಟಿಂಗ್ ಕಂಪನಿಗಳಿಗೆ ಜಾಗ ಸಿಕ್ಕಿತು. ಜೇ ಕೊಹೆನ್ ಎನ್ನುವ ಅಮೆರಿಕನ್ ಅಲ್ಲಿಂದ ವರ್ಲ್ಡ್ ಸ್ಪೋರ್ಟ್ಸ್ ಎಕ್ಸ್‌ಚೇಂಜ್ ನಡೆಸುತ್ತಿದ್ದ. ಆಂಟಿಗಾದಲ್ಲಿ ಪೂರ್ತಿ ಲೀಗಲ್. ಆದರೆ ಬಾಜಿ ಕಟ್ಟುವವರು ಅಮೆರಿಕದಲ್ಲಿದ್ದರು. ಅಮೆರಿಕ ಕೇಸ್ ಹಾಕಿತು, ಕೊಹೆನ್ ತಾನೇ ವಾಪಸ್ ಹೋಗಿ ವಾದಿಸಿದ, 2000ದಲ್ಲಿ ಶಿಕ್ಷೆಯಾಯಿತು, 21 ತಿಂಗಳು ಜೈಲು.

ಆಂಟಿಗಾ 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು. ನಮ್ಮ ಒಂದು ತಾಲ್ಲೂಕಿಗಿಂತ ಕಡಿಮೆ ಜನ ಇರುವ ದೇಶ ಅಮೆರಿಕದ ಮೇಲೆ ದೂರು ಕೊಟ್ಟು ಬಹುಪಾಲು ಗೆದ್ದಿತು ಕೂಡ. 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್‌ ಮಟ್ಟಿಗೆ ಆಂಟಿಗಾ ವ್ಯಾಪಾರದಲ್ಲಿ ಪ್ರತೀಕಾರ ಮಾಡಿಕೊಳ್ಳಬಹುದು ಅಂತ ತೀರ್ಪಾಯಿತು. ಕೇಳಿದ್ದು 344 ಕೋಟಿ. ಗೆದ್ದರೂ ಅಮೆರಿಕದ ಬಾಗಿಲು ತೆರೆಯಲಿಲ್ಲ. ಕೊಹೆನ್ ಕಟ್ಟಿದ ಕಂಪನಿ 2013ರಲ್ಲಿ ಬಾಗಿಲು ಹಾಕಿತು. ಲೈಸೆನ್ಸ್ ಇದ್ದರೂ ಗ್ರಾಹಕರ ಬಾಕಿ ಹಣ ಹಾಗೇ ಉಳಿಯಿತು.

ಸ್ಯಾಂಡ್ ಡಾಲರ್, ಡಿಕ್ಯಾಶ್, ಜ್ಯಾಮ್-ಡೆಕ್ಸ್ ಇವೆಲ್ಲ ಕ್ರಿಪ್ಟೋನಾ?

ಅಲ್ಲ. ಇವು ಅಲ್ಲಿಯ ಕೇಂದ್ರ ಬ್ಯಾಂಕುಗಳೇ ಹೊರಡಿಸಿದ ಡಿಜಿಟಲ್ ದುಡ್ಡು, ನಮ್ಮ ಇ-ರುಪಾಯಿ ಥರ. ಬಹಾಮಾಸ್‌ನ ಸ್ಯಾಂಡ್ ಡಾಲರ್ 2020ರ ಅಕ್ಟೋಬರ್‌ನಲ್ಲಿ ಬಂತು, ಇಡೀ ದೇಶಕ್ಕೆ ಇಂಥದ್ದನ್ನು ತಂದವರಲ್ಲಿ ಅವರೇ ಮೊದಲು. ಒಂದು ಸ್ಯಾಂಡ್ ಡಾಲರ್ ಅಂದರೆ ಒಂದು ಬಹಾಮಾಸ್ ಡಾಲರ್. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. "ಸ್ಯಾಂಡ್ ಡಾಲರ್‌ನಲ್ಲಿ ಹೂಡಿಕೆ ಮಾಡಿ, ಮೂರು ತಿಂಗಳಲ್ಲಿ ಡಬಲ್" ಅಂತ ಯಾರಾದರೂ ಅಂದರೆ ಅಲ್ಲಿಗೇ ಮಾತು ಮುಗಿಸಿ. ಡಬಲ್ ಆಗಲು ಅದರಲ್ಲಿ ಏನೂ ಇಲ್ಲ.

ಪೂರ್ವ ಕೆರಿಬಿಯನ್ ಕೇಂದ್ರ ಬ್ಯಾಂಕಿನ ಡಿಕ್ಯಾಶ್ 2021ರಲ್ಲಿ ಪ್ರಯೋಗಕ್ಕೆ ಬಂತು. 2022ರ ಜನವರಿಯಲ್ಲಿ ಒಂದು ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದು ಸುಮಾರು ಎರಡು ತಿಂಗಳು ನಿಂತೇ ಹೋಯಿತು. ಕೇಂದ್ರ ಬ್ಯಾಂಕಿನದ್ದೇ ಹೀಗೆ. 2024ರ ಜನವರಿಗೆ ಆ ಪ್ರಯೋಗ ಮುಗಿಸಿದರು.

ಹಾಗಾದರೆ ಬಿಟ್‌ಕಾಯಿನ್, ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ)? ಅಲ್ಲಿ ಇಟ್ಟುಕೊಳ್ಳಬಹುದಾ?

ಹೆಚ್ಚಿನ ದ್ವೀಪಗಳಲ್ಲಿ ನಿಮ್ಮ ಪಾಡಿಗೆ ನೀವು ಇಟ್ಟುಕೊಂಡರೆ ಅಪರಾಧ ಅಲ್ಲ. ಆದರೆ ಸರ್ಕಾರಿ ಚಲಾವಣೆಯ ಹಣವೂ ಅಲ್ಲ, ಹೋದರೆ ಠೇವಣಿ ವಿಮೆಯೂ ಇಲ್ಲ. ಕ್ರಿಪ್ಟೋ ವ್ಯಾಪಾರ ನಡೆಸುವ ಕಂಪನಿಗಳಿಗೆ ಬಹಾಮಾಸ್, ಕೇಮನ್, ಆಂಟಿಗಾಗಳಲ್ಲಿ 2020ರಿಂದ, ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ 2023ರ ಫೆಬ್ರವರಿಯಿಂದ ಕಾಯ್ದೆ ಇದೆ. ಕ್ಯೂಬಾದ ಕೇಂದ್ರ ಬ್ಯಾಂಕ್ ಕೂಡ 2021ರಲ್ಲಿ ನಿಯಮ ಮಾಡಿತು. ಟ್ರಿನಿಡಾಡ್ ಉಲ್ಟಾ ದಾರಿ ಹಿಡಿದಿದೆ: 2025ರ ಕೊನೆಯಲ್ಲಿ ಕ್ರಿಪ್ಟೋ ಸೇವೆ ಕೊಡುವ ವ್ಯವಹಾರಕ್ಕೇ ಸದ್ಯಕ್ಕೆ ತಡೆ ಹಾಕುವ ಕಾಯ್ದೆ ಪಾಸ್ ಮಾಡಿತು.

ಅಲ್ಲಿ ಓದುತ್ತಿರುವ ಹುಡುಗರಿಗೆ ಒಂದು ಮಾತು. ಈ ದ್ವೀಪಗಳ ಬ್ಯಾಂಕುಗಳು ಅಮೆರಿಕದ ದೊಡ್ಡ ಬ್ಯಾಂಕುಗಳ ಮೂಲಕವೇ ಡಾಲರ್ ವ್ಯವಹಾರ ಮಾಡಬೇಕು. ಆ ಕೊಂಡಿ ಕಡಿದುಹೋಗುವ ಭಯ ಅವರಿಗೆ ಯಾವಾಗಲೂ ಇದೆ. ಹಾಗಾಗಿ ಖಾತೆಗೆ ಕ್ರಿಪ್ಟೋ ಅಥವಾ ಬೆಟ್ಟಿಂಗ್ ವಾಸನೆಯ ದುಡ್ಡು ಬಂದರೆ ಕಾನೂನು ಏನೇ ಇರಲಿ, ಖಾತೆ ಮುಚ್ಚಿ ಕೈ ತೊಳೆದುಕೊಳ್ಳಬಹುದು. ಸೆಮಿಸ್ಟರ್ ಫೀಸ್ ಬರುವ ಖಾತೆಯಲ್ಲಿ ಈ ಆಟ ಬೇಡ.

ಎಫ್‌ಟಿಎಕ್ಸ್ ಎನ್ನುವ ಕ್ರಿಪ್ಟೋ ಎಕ್ಸ್‌ಚೇಂಜ್ ಬಹಾಮಾಸ್‌ದೇ ಅಲ್ವಾ? ಅದಕ್ಕೂ ಲೈಸೆನ್ಸ್ ಇತ್ತಾ?

ಹೌದು, ಅದರ ಬಹಾಮಾಸ್ ಕಂಪನಿ ಅಲ್ಲಿನ ಕಾಯ್ದೆಯಡಿ 2021ರಲ್ಲೇ ನೋಂದಣಿಯಾಗಿತ್ತು. 2022ರ ನವೆಂಬರ್ 11ಕ್ಕೆ ದಿವಾಳಿ ಅರ್ಜಿ. ಅದನ್ನು ಕಟ್ಟಿದ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್ ಡಿಸೆಂಬರ್‌ನಲ್ಲಿ ನಸಾವ್‌ನಲ್ಲೇ ಅರೆಸ್ಟ್ ಆದ, 2024ರಲ್ಲಿ ನ್ಯೂಯಾರ್ಕ್ ಕೋರ್ಟ್ 25 ವರ್ಷ ಕೊಟ್ಟಿತು. ಹಣ ವಾಪಸ್ ಬರಲು ಶುರುವಾಗಿದ್ದು 2025ರ ಫೆಬ್ರವರಿಯಲ್ಲಿ. ಸಣ್ಣ ಗ್ರಾಹಕರಿಗೆ ಬಡ್ಡಿ ಸೇರಿ ಪೂರ್ತಿ ಸಿಕ್ಕಿತು ಅಂತ ಸುದ್ದಿ ಓದಿರುತ್ತೀರಿ. ನಿಜ. ಆದರೆ ಲೆಕ್ಕ ಹಾಕಿದ್ದು ಕಂಪನಿ ಬಿದ್ದ ದಿನದ ಬೆಲೆಗೆ, ಡಾಲರ್‌ನಲ್ಲಿ. ಅವತ್ತು ಒಂದು ಬಿಟ್‌ಕಾಯಿನ್‌ಗೆ 17 ಸಾವಿರ ಡಾಲರ್ ಕೂಡ ಇರಲಿಲ್ಲ. ದುಡ್ಡು ಕೈಗೆ ಬರುವಷ್ಟರಲ್ಲಿ ಅದೇ ಬಿಟ್‌ಕಾಯಿನ್ 90 ಸಾವಿರ ದಾಟಿತ್ತು.

ಆ ಸಮುದ್ರಕ್ಕೆ ಇದು ಮೊದಲನೆಯದೂ ಅಲ್ಲ. 2008ರಲ್ಲಿ ಆಂಟಿಗಾದಲ್ಲಿ ಇಂಗ್ಲೆಂಡ್ ವಿರುದ್ಧ 2 ಕೋಟಿ ಡಾಲರ್‌ನ ಟಿ20 ಪಂದ್ಯ ಆಡಿಸಿದ ಅಲೆನ್ ಸ್ಟ್ಯಾನ್‌ಫೋರ್ಡ್ ನೆನಪಿದ್ದಾನಾ? ಆಂಟಿಗಾದಲ್ಲಿದ್ದ ಅವನ ಬ್ಯಾಂಕಿಗೂ ಲೈಸೆನ್ಸ್ ಇತ್ತು. ಅದು ಸುಮಾರು 700 ಕೋಟಿ ಡಾಲರ್‌ನ ಪೊಂಜಿ (ಹೊಸಬರ ದುಡ್ಡಿನಿಂದ ಹಳಬರಿಗೆ ಕೊಡುವ ಮೋಸ). ಅವನಿಗೆ ಆಗಿದ್ದು 110 ವರ್ಷ ಜೈಲು.

ಆಪ್‌ಗೆ ಯುಎಸ್‌ಡಿಟಿಯಲ್ಲಿ ದುಡ್ಡು ಹಾಕಿ ಅನ್ನುತ್ತಾರೆ. ಏನು ತೊಂದರೆ?

ಡೆಪಾಸಿಟ್ ಪುಟದಲ್ಲಿ ಒಂದು ಕ್ಯೂಆರ್, ಅದರ ಕೆಳಗೆ ಉದ್ದನೆಯ ವಿಳಾಸ. ಟಿ ಅಕ್ಷರದಿಂದ ಶುರುವಾಗಿ 34 ಅಕ್ಷರ ಇದ್ದರೆ ಅದು ಟ್ರಾನ್ ನೆಟ್‌ವರ್ಕ್ (ಕ್ರಿಪ್ಟೋ ಸಾಗುವ ಒಂದು ಜಾಲ). ಸೊನ್ನೆ-ಎಕ್ಸ್‌ನಿಂದ (0x) ಶುರುವಾದರೆ ಇಥೀರಿಯಂ ಅಥವಾ ಅದೇ ಜಾತಿಯ ಬೇರೆ ನೆಟ್‌ವರ್ಕ್. ಈ ಎರಡನೆಯ ಗುಂಪಿನಲ್ಲಿ ವಿಳಾಸ ಎಲ್ಲದಕ್ಕೂ ಒಂದೇ ಥರ ಕಾಣುತ್ತದೆ, ಹಾಗಾಗಿ ತಪ್ಪು ನೆಟ್‌ವರ್ಕ್ ಆರಿಸಿದರೂ ದುಡ್ಡು ಹೊರಟುಬಿಡುತ್ತದೆ, ಆ ಕಡೆ ಖಾತೆಗೆ ಜಮಾ ಮಾತ್ರ ಆಗುವುದಿಲ್ಲ. ಇನ್ನೊಂದು ಆಟ: ನಿಮ್ಮ ವ್ಯಾಲೆಟ್‌ಗೆ ಯಾರೋ ಸೊನ್ನೆ ಪಾಯಿಂಟ್ ಸೊನ್ನೆ ಎಷ್ಟೋ ಕಳಿಸಿರುತ್ತಾರೆ. ಆ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರಗಳು ನೀವು ಯಾವಾಗಲೂ ಕಳಿಸುವ ವಿಳಾಸದ ಥರವೇ ಇರುತ್ತವೆ. ಮುಂದಿನ ಸಲ ಹಳೆಯ ಪಟ್ಟಿಯಿಂದ ನಕಲು ಮಾಡಿ ಅಂಟಿಸುತ್ತೀರಿ ಅನ್ನುವ ಲೆಕ್ಕ ಅವರದು. ಬ್ಯಾಂಕ್ ಆದರೆ ಕೂಗಾಡಬಹುದು. ಇಲ್ಲಿ ಕೂಗಾಡಲು ಕೌಂಟರ್ ಇಲ್ಲ.

"100% ಬೋನಸ್" ನಿಜವಾ?

ನಿಜ, ಆದರೆ ಲೆಕ್ಕ ಮಾಡಿ. ಹತ್ತು ಸಾವಿರ ಹಾಕಿದಿರಿ, ಹತ್ತು ಸಾವಿರ ಬೋನಸ್ ಬಂತು. ನಿಯಮ ಏನೆಂದರೆ ಒಟ್ಟು ಮೊತ್ತದ ಹತ್ತು ಪಟ್ಟು ಆಡಿದ ಮೇಲೆ ಮಾತ್ರ ತೆಗೆಯಬಹುದು. ಅಂದರೆ ಎರಡು ಲಕ್ಷದ ಬಾಜಿ. ಟಾಸ್‌ನಂಥ ಸಮ-ಸಮ ಬಾಜಿಗೆ ಆಡ್ಸ್ ಎರಡು ಕಡೆಯೂ 1.90 ಇರುತ್ತದೆ ಅಂದುಕೊಳ್ಳಿ, ಅಂದರೆ ನೂರು ಕಟ್ಟಿ ಗೆದ್ದರೆ 190 ಕೈಗೆ. ಎರಡು ಕಡೆ ನೂರು ನೂರು ಬಿದ್ದರೆ ಕಂಪನಿ 200 ತಗೊಂಡು 190 ಕೊಡುತ್ತದೆ. ನೂರಕ್ಕೆ ಐದು ಅವರ ಜೇಬಿಗೆ. ಎರಡು ಲಕ್ಷಕ್ಕೆ ಐದು ಪರ್ಸೆಂಟ್ ಅಂದರೆ ಹತ್ತು ಸಾವಿರ. ಬೋನಸ್ ಎಷ್ಟಿತ್ತು?

ಗೆದ್ದರೆ ಕೊಡುತ್ತಾರಾ?

ಸಣ್ಣ ಮೊತ್ತ ಬೇಗ ಕೊಡುತ್ತಾರೆ. ನಂಬಿಕೆ ಬರಬೇಕಲ್ಲ! ದೊಡ್ಡದಾದಾಗ ಪಾಸ್‌ಪೋರ್ಟ್ ಕೊಡಿ, ವಿಳಾಸದ ಪುರಾವೆ ಕೊಡಿ, ಕೈಯಲ್ಲಿ ಚೀಟಿ ಹಿಡಿದು ಸೆಲ್ಫಿ ಕೊಡಿ, ದುಡ್ಡಿನ ಮೂಲ ಹೇಳಿ ಅಂತ ಶುರು. ಒಳ್ಳೆಯ ಕಂಪನಿಯೂ ಇದನ್ನು ಕೇಳಲೇಬೇಕು, ಅಕ್ರಮ ಹಣ ತಡೆಯುವ ನಿಯಮ ಇದೆ. ಆದರೆ "ಹಣ ಬಿಡುಗಡೆಗೆ ಮೊದಲು 20% ತೆರಿಗೆ ಕಟ್ಟಿ" ಅಂದರೆ ಅದು ಮೋಸ. ನಿಮ್ಮ ಗೆಲುವಿನಲ್ಲೇ ಹಿಡಿದುಕೊಳ್ಳಬಹುದಾದ ದುಡ್ಡನ್ನು ಯಾರಾದರೂ ಜೇಬಿನಿಂದ ಯಾಕೆ ಕೇಳುತ್ತಾರೆ? ವಿಪಿಎನ್ (ನೀವಿರುವ ಜಾಗ ಮರೆಮಾಚುವ ಆಪ್) ಹಾಕಿ ಆಡಿದ್ದರಂತೂ ಅದೊಂದೇ ಕಾರಣ ಸಾಕು, ಖಾತೆ ಬಂದ್.

ಫಿಕ್ಸಿಂಗ್ ಭಯ ಇದೆಯಾ?

ಇದೆ. ಮಾರ್ಲನ್ ಸ್ಯಾಮ್ಯುಯೆಲ್ಸ್‌ಗೆ 2008ರಲ್ಲಿ ಎರಡು ವರ್ಷ ನಿಷೇಧ. ನಾಗ್ಪುರದ ಏಕದಿನ ಪಂದ್ಯಕ್ಕೆ ಮುಂಚೆ ಬುಕ್ಕಿ ಎನ್ನಲಾದವನ ಜತೆ ಮಾತಾಡಿದ್ದು ಪೊಲೀಸರ ಕೈಗೆ ಸಿಕ್ಕಿತ್ತು. 2023ರಲ್ಲಿ ಬೇರೆ ಪ್ರಕರಣಕ್ಕೆ ಮತ್ತೆ ಆರು ವರ್ಷ. ಆಂಟಿಗಾದ ಡೆವನ್ ಥಾಮಸ್‌ಗೆ 2024ರಲ್ಲಿ ಐದು ವರ್ಷ, ಅದರಲ್ಲಿ ಸಿಪಿಎಲ್‌ನ ಆರೋಪವೂ ಸೇರಿತ್ತು. 2019ರ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫಿಕ್ಸಿಂಗ್ ಗಲಾಟೆ ನೋಡಿದ ನಮಗೆ ಆಶ್ಚರ್ಯ ಆಗಬೇಕಿಲ್ಲ.

ಮುಂದಿನ ಬಾಲ್ ಏನಾಗುತ್ತದೆ ಎನ್ನುವಂಥ ಸಣ್ಣ ಬಾಜಿಗಳೇ ಹೆಚ್ಚು ಅಪಾಯ, ಯಾಕಂದರೆ ಅದಕ್ಕೆ ಒಬ್ಬ ಆಟಗಾರ ಸಾಕು. 2025ರ ನವೆಂಬರ್‌ನಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಇಬ್ಬರು ಬೇಸ್‌ಬಾಲ್ ಪಿಚರ್‌ಗಳ (ಚೆಂಡೆಸೆಯುವವರ) ಮೇಲೆ ಅಮೆರಿಕದಲ್ಲಿ ಇಂಥದ್ದೇ ಆರೋಪ ಬಂತು. ಬಾಜಿ ಕಟ್ಟಿದವರು ಆ ಪಿಚರ್‌ಗಳ ಊರಿನವರೇ ಅಂತೆ. ಆಗ ಇಬ್ಬರೂ ಆರೋಪ ಒಪ್ಪಲಿಲ್ಲ. ಆದರೂ ಒಂದೊಂದು ಎಸೆತದ ಬಾಜಿಗೆ 200 ಡಾಲರ್ ಮಿತಿ ತಕ್ಷಣ ಬಂತು. ಫಿಕ್ಸಿಂಗ್ ಇಲ್ಲದಿದ್ದರೂ ಮೈದಾನದಲ್ಲಿ ಕೂತು ಫೋನ್ ಒತ್ತುವವನು ನಿಮಗಿಂತ ಮುಂದೆ. ಬೆಳಗಿನ ಐದೂವರೆಗೆ ನೀವು ನೋಡುವ ಸ್ಟ್ರೀಮ್‌ನಲ್ಲಿ ಬೌಲರ್ ಓಡಿ ಬರುವಷ್ಟರಲ್ಲಿ ಅಲ್ಲಿ ವಿಕೆಟ್ ಬಿದ್ದಾಗಿರುತ್ತದೆ.

ನಾನು ಕ್ರೂಸ್ ಹಡಗಿನಲ್ಲಿದ್ದೇನೆ. ಹಡಗಿನ ಕ್ಯಾಸಿನೋದಲ್ಲಿ?

ಸಿಬ್ಬಂದಿಗೆ ಸಾಮಾನ್ಯವಾಗಿ ನಿಷೇಧ. ಕರಾರುಪತ್ರ ಓದಿ. ಕೆಲಸ ಹೋಗುತ್ತದೆ.

ಬೆಂಗಳೂರಿನಲ್ಲಿ ಕೂತು ಕೆರಿಬಿಯನ್ ಆಪ್‌ನಲ್ಲಿ ಆಡಬಹುದಾ?

ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟವನ್ನೇ ನಿಷೇಧಿಸುತ್ತದೆ, ಹೊರದೇಶದಿಂದ ನಡೆಸಿದರೂ ಸರಿ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ. ರೆಫರಲ್ ಲಿಂಕ್ ಹಂಚಿ ಕಮಿಷನ್ ಎಣಿಸುವವರು ಇದನ್ನು ಎರಡು ಸಲ ಓದಿ. ಆಡುವವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಆದರೆ ಕ್ರಿಕೆಟ್ ಬೆಟ್ಟಿಂಗ್‌ಗೆ ಕರ್ನಾಟಕ ಪೊಲೀಸ್ ಕಾಯ್ದೆ ಹಾಕುವುದು ಹೊಸದೇನಲ್ಲ. ಲಾಟರಿ, ಬಾಜಿಯಂಥದ್ದಕ್ಕೆ ಹೊರದೇಶಕ್ಕೆ ಹಣ ಕಳಿಸುವುದಕ್ಕೆ ವಿದೇಶಿ ವಿನಿಮಯ ನಿಯಮದ ಅಡ್ಡಿ ಬೇರೆ. ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಮಾರುವಾಗ 1% ಟಿಡಿಎಸ್, ಒಂದರಲ್ಲಾದ ನಷ್ಟ ಇನ್ನೊಂದಕ್ಕೆ ಹೊಂದಿಸುವಂತಿಲ್ಲ.

ಆಮೇಲೆ ಗೆದ್ದ ಯುಎಸ್‌ಡಿಟಿಯನ್ನು ಯಾರೋ ಅಪರಿಚಿತನಿಗೆ ಮಾರಿ ರೂಪಾಯಿ ತಗೊಂಡಿರಿ ಅನ್ನಿ. ಆ ರೂಪಾಯಿ ಇನ್ಯಾರದೋ ಸೈಬರ್ ವಂಚನೆಯ ದುಡ್ಡಾಗಿದ್ದರೆ, ಎಲ್ಲೋ ದೂರದ ರಾಜ್ಯದ ಪೊಲೀಸರ ಪತ್ರದ ಮೇಲೆ ನಿಮ್ಮ ಸಂಬಳದ ಖಾತೆ ಫ್ರೀಜ್. ಬಿಡಿಸಿಕೊಳ್ಳಲು ಆ ಠಾಣೆಗೇ ಮೊರೆ ಹೋಗಬೇಕು. ಅಲ್ಲಿ ಹೋಗಿ "ಇದು ಬೆಟ್ಟಿಂಗ್ ದುಡ್ಡು ಸಾರ್" ಅಂತ ಹೇಳುತ್ತೀರಾ?

ಬಿಡಲು ಆಗ್ತಾ ಇಲ್ಲ. ಹೋದದ್ದನ್ನು ವಾಪಸ್ ತಂದು ಬಿಡ್ತೀನಿ ಅಂತಿದ್ದೇನೆ.

ಇದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಇವತ್ತೇ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್ ಗೀಳಿಗೆ ಅಂತಲೇ ಕ್ಲಿನಿಕ್ ಇದೆ. ಸಾಲ ಕೊಡುವ ಆಪ್‌ಗಳನ್ನು ಫೋನಿನಿಂದ ಮೊದಲು ತೆಗೆಯಿರಿ, ಬೆಟ್ಟಿಂಗ್ ಆಪ್ ಆಮೇಲೆ.

ದುಡ್ಡು ಸಿಕ್ಕಿಹಾಕಿಕೊಂಡಿದೆ. ಯಾರಿಗೆ ದೂರು ಕೊಡಲಿ?

ಮೊದಲು ಸ್ಕ್ರೀನ್‌ಶಾಟ್: ಬಾಕಿ ಮೊತ್ತ, ಚಾಟ್, ವಹಿವಾಟಿನ ಹ್ಯಾಶ್ (ಅದರ ಗುರುತಿನ ಸಂಖ್ಯೆ), ಕಳಿಸಿದ ವಿಳಾಸ. ಖಾತೆ ಮುಚ್ಚಿದ ಮೇಲೆ ಇದ್ಯಾವುದೂ ಸಿಗುವುದಿಲ್ಲ. ಜಮೈಕಾದ ಲೈಸೆನ್ಸ್ ಕಂಪನಿ ಆದರೆ ಅಲ್ಲಿಯ ಆಯೋಗಕ್ಕೆ, ಕುರಸಾವೊ ಆದರೆ ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ನಿಯಮಗಳ ಪುಟದಲ್ಲಿ ಹೆಸರಿಸಿದ ವ್ಯಾಜ್ಯ ಪರಿಹಾರ ಸಂಸ್ಥೆಗೆ. ಭಾರತದಲ್ಲಿ ಮೋಸ ಹೋಗಿದ್ದರೆ 1930ಕ್ಕೆ ಕರೆ ಮಾಡಿ, ಮೊದಲ ಗಂಟೆಗಳಲ್ಲೇ ಮಾಡಿ, ದುಡ್ಡು ಬ್ಯಾಂಕ್ ದಾಟಿ ಕ್ರಿಪ್ಟೋ ಆಗುವ ಮುಂಚೆ ತಡೆಯಲು ಸಾಧ್ಯ.

ಮತ್ತೆ, ನಿಮ್ಮ ಗೋಳನ್ನು ಎಲ್ಲಾದರೂ ಪೋಸ್ಟ್ ಮಾಡಿದ ಅರ್ಧ ಗಂಟೆಯಲ್ಲಿ "ನನ್ನದೂ ಹೋಗಿತ್ತು, ಈ ಹ್ಯಾಕರ್ ವಾಪಸ್ ತರಿಸಿಕೊಟ್ಟರು" ಅಂತ ಒಬ್ಬರು ಬರುತ್ತಾರೆ. ಅವರ ಫೀಸೂ ಯುಎಸ್‌ಡಿಟಿಯಲ್ಲೇ ಇರುತ್ತದೆ.